ಜಗ್ಗಿದ ಉಣ್ಣೆ, ನೇರ ಮಾಡಿಸಿದ ಕೂದಲು: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಕ್ಕಡ ತಿಂಗಳ ಮಳೆ ಹಿಡಿದರೆ ನಮ್ಮಲ್ಲಿ ಎರಡು ದೂರು ಗ್ಯಾರಂಟಿ. ಪಾರ್ಲರ್‌ನಲ್ಲಿ ನೇರ ಮಾಡಿಸಿದ ಕೂದಲು ಮತ್ತೆ ಸುರುಳಿಯಾಯ್ತು ಅಂತ ಒಂದು. ಒಗೆದು ಹಗ್ಗಕ್ಕೆ ಹಾಕಿದ ಸ್ವೆಟರ್ ಮೊಣಕಾಲಿಗೆ ಇಳಿಯಿತು ಅಂತ ಇನ್ನೊಂದು. ಕುರಿಯ ಉಣ್ಣೆ, ನಮ್ಮ ತಲೆಕೂದಲು, ಆನೆಯ ಬಾಲದ ಕೂದಲು ಎಲ್ಲ ಒಂದೇ ವಸ್ತುವಿನಿಂದ ಆದದ್ದು. ಜಗ್ಗಿದಾಗ ಅವುಗಳ ಒಳಗೆ ಆಗುವುದೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಕೂದಲಿನ ಒಳಗೆ ನಿಜವಾಗಿ ಏನಿದೆ?

ಕೆರಾಟಿನ್ ಎಂಬ ಪ್ರೋಟೀನ್. ಅದರ ಅಣು ಉದ್ದನೆಯ ಸರಪಳಿ, ಸುರುಳಿ ಸುತ್ತಿಕೊಂಡಿರುತ್ತದೆ. ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದ್ದೀರಲ್ಲ, ಇದೂ ಅದೇ ಲೆಕ್ಕ. ಎರಡು ಸುರುಳಿಗಳು ಒಂದನ್ನೊಂದು ಸುತ್ತಿ ಒಂದು ಜೋಡಿ. ಅಂಥ ಜೋಡಿಗಳು ಸೇರಿ ಸುಮಾರು 7 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ದಪ್ಪದ ನಾರು. ನಾರುಗಳು ಕಂತೆಯಾಗಿ ಜೀವಕೋಶಗಳನ್ನು ತುಂಬುತ್ತವೆ. ಕೋಶಗಳು ಸಾಲಾಗಿ ಜೋಡಿಕೊಂಡರೆ ಕಣ್ಣಿಗೆ ಕಾಣುವ ಕೂದಲು.

ನಾರುಗಳ ಮಧ್ಯದ ಜಾಗ ಖಾಲಿ ಇಲ್ಲ. ಗಂಧಕ ಜಾಸ್ತಿ ಇರುವ ಬೇರೆ ಪ್ರೋಟೀನುಗಳು ಅಂಟಿನಂತೆ ತುಂಬಿಕೊಂಡಿವೆ. ಹೊರಗೆ ಮೀನಿನ ಚಿಪ್ಪಿನಂತೆ ಒಂದರ ಮೇಲೊಂದು ಕೂತ ಪದರ ಇದೆ. ಬೆರಳಿನಲ್ಲಿ ಕೂದಲನ್ನು ಬುಡದಿಂದ ತುದಿಗೆ ಸವರಿ, ಆಮೇಲೆ ತುದಿಯಿಂದ ಬುಡಕ್ಕೆ ಸವರಿ. ಎರಡನೇ ಸಲ ಒರಟು ಎನಿಸುವುದು ಈ ಚಿಪ್ಪುಗಳಿಂದ.

ಇದನ್ನೆಲ್ಲ ಹಿಡಿದಿಡುವ ಬಂಧಗಳು ಯಾವುವು?

ಮುಖ್ಯವಾಗಿ ಎರಡು ಬಗೆ ನೆನಪಿಟ್ಟುಕೊಂಡರೆ ಮುಂದಿನ ಉತ್ತರಗಳೆಲ್ಲ ಸುಲಭ. ಹೈಡ್ರೋಜನ್ ಬಂಧಗಳು ಲೆಕ್ಕವಿಲ್ಲದಷ್ಟು, ಆದರೆ ಒಂದೊಂದೂ ದುರ್ಬಲ. ನೀರು ತಾಗಿದರೆ ಬಿಡುತ್ತವೆ, ಒಣಗಿದರೆ ಮತ್ತೆ ಹಿಡಿಯುತ್ತವೆ. ಗಂಧಕದ ಬಂಧಗಳು ಕಡಿಮೆ, ಆದರೆ ಗಟ್ಟಿ. ಇವಕ್ಕೆ ರಸಾಯನ ವಿಜ್ಞಾನದವರು ಡೈಸಲ್ಫೈಡ್ ಬಂಧ ಅನ್ನುತ್ತಾರೆ. ತಣ್ಣೀರಿಗೆ ಇವು ಬಿಡುವುದಿಲ್ಲ. ಅವನ್ನು ಬಿಡಿಸಲು ಬಿಸಿ ಹಬೆ ಬೇಕು, ಇಲ್ಲವೇ ಕೆಮಿಕಲ್ ಬೇಕು. ಕೂದಲು ಸುಟ್ಟಾಗ ಬರುವ ಕೆಟ್ಟ ವಾಸನೆಗೆ ಈ ಗಂಧಕವೂ ಕಾರಣ.

ಜಗ್ಗಿದಾಗ ಒಳಗೆ ಏನಾಗುತ್ತದೆ?

ಒದ್ದೆ ಉಣ್ಣೆಯ ಒಂದು ಎಳೆಯನ್ನು ಮೆಷಿನ್‌ಗೆ ಕಟ್ಟಿ ನಿಧಾನವಾಗಿ ಎಳೆಯುತ್ತಾ ಹೋದರೆ ಮೂರು ಹಂತ ಕಾಣುತ್ತದೆ.

ಉದ್ದ ಮೊದಲ 2 ಶೇಕಡಾ ಹೆಚ್ಚುವವರೆಗೆ ಎಳೆ ಬಿಗಿಯಾಗಿ ಎದುರು ನಿಲ್ಲುತ್ತದೆ. ಸುರುಳಿಗಳು ಸ್ವಲ್ಪ ಹಿಗ್ಗುತ್ತವೆ, ಬಿಚ್ಚುವುದಿಲ್ಲ. ಅದನ್ನು ದಾಟಿದರೆ ತಮಾಷೆ ಶುರು. 2ರಿಂದ ಸುಮಾರು 30 ಶೇಕಡಾದವರೆಗೆ ಬಲ ಹೆಚ್ಚು ಹಾಕದೆಯೇ ಎಳೆ ಉದ್ದ ಆಗುತ್ತಲೇ ಹೋಗುತ್ತದೆ. ಈ ಹಂತದಲ್ಲಿ ಸುರುಳಿಗಳು ಬಿಚ್ಚಿಕೊಂಡು ನೇರ ಆಗುತ್ತಿರುತ್ತವೆ. 30 ದಾಟಿದ ಮೇಲೆ ಎಳೆ ಮತ್ತೆ ಬಿಗಿಯಾಗುತ್ತದೆ, ಗಂಧಕದ ಬಂಧಗಳ ಮೇಲೆ ಭಾರ ಬೀಳುತ್ತದೆ, ಕೊನೆಗೆ ಎಲ್ಲೋ ಒಂದು ಕಡೆ ಪಟ್ ಎನ್ನುತ್ತದೆ.

ಸುರುಳಿಯಾಗಿದ್ದಾಗ ಸರಪಳಿಯ ಒಂದೊಂದು ಕೊಂಡಿ, ಅಂದರೆ ಅಮೈನೊ ಆಮ್ಲ, ಉದ್ದಕ್ಕೆ 0.15 ನ್ಯಾನೊಮೀಟರ್ ಜಾಗ ಹಿಡಿಯುತ್ತದೆ. ಪೂರ್ತಿ ಬಿಚ್ಚಿ ನೇರವಾದಾಗ ಅದೇ ಸುಮಾರು 0.33. ಅಂದರೆ ಎರಡು ಪಟ್ಟಿಗೂ ಜಾಸ್ತಿ. ಹಬೆಯಲ್ಲಿ ಹುಷಾರಾಗಿ ಜಗ್ಗಿದರೆ ಕೂದಲು ಹತ್ತಿರ ಹತ್ತಿರ ಎರಡರಷ್ಟು ಉದ್ದ ಆಗುವುದು ಇದೇ ಕಾರಣಕ್ಕೆ. ನೇರವಾದ ಸರಪಳಿಗಳು ಅಕ್ಕಪಕ್ಕ ಸೇರಿ ಹಾಳೆಯಂತೆ ಜೋಡಿಕೊಳ್ಳುತ್ತವೆ. ಮೊದಲಿನ ಸುರುಳಿ ರೂಪಕ್ಕೆ ಆಲ್ಫಾ, ಈ ಹಾಳೆಯ ರೂಪಕ್ಕೆ ಬೀಟಾ ಎಂದು ಹೆಸರು.

ಒಂದು ಮಾತು ಸೇರಿಸಬೇಕು. ಆಲ್ಫಾ ಬಿಚ್ಚಿದ ತಕ್ಷಣ ಬೀಟಾ ಆಗಲೇಬೇಕೆಂದಿಲ್ಲ. ಬಿಸಿ ಇಲ್ಲದೆ ಜಗ್ಗಿದರೆ ಎಷ್ಟೋ ಸರಪಳಿಗಳು ಬಿಚ್ಚಿಕೊಂಡು ಅಸ್ತವ್ಯಸ್ತವಾಗಿ ನಿಲ್ಲುತ್ತವೆ. ಅಚ್ಚುಕಟ್ಟಾದ ಬೀಟಾ ಹಾಳೆ ಚೆನ್ನಾಗಿ ಬೆಳೆಯುವುದು ಬಿಸಿ ಹಬೆಯಲ್ಲಿ.

ಅಷ್ಟು ಸಣ್ಣದನ್ನು ಯಾರು, ಹೇಗೆ ನೋಡಿದರು?

ಇಂಗ್ಲೆಂಡಿನ ಲೀಡ್ಸ್ ಉಣ್ಣೆ ಗಿರಣಿಗಳ ಊರು. ಅಲ್ಲಿನ ವಿಶ್ವವಿದ್ಯಾಲಯಕ್ಕೆ 1928ರಲ್ಲಿ ವಿಲಿಯಂ ಆಸ್ಟ್‌ಬರಿ ಎಂಬ ವಿಜ್ಞಾನಿ ಬಂದರು. ಅವರು ಕೂದಲು ಮತ್ತು ಉಣ್ಣೆಯ ಮೂಲಕ ಎಕ್ಸ್-ರೇ ಹಾಯಿಸಿ ಚಿತ್ರ ತೆಗೆದರು. ಸುಮ್ನೆ ಇಟ್ಟ ಕೂದಲಿನಲ್ಲಿ 0.51 ನ್ಯಾನೊಮೀಟರ್‌ಗೆ ಒಮ್ಮೆ ಏನೋ ಮರುಕಳಿಸುವ ಗುರುತು. ಜಗ್ಗಿ ಹಿಡಿದ ಕೂದಲಿನಲ್ಲಿ ಆ ಗುರುತು ಮಾಸಿ, 0.33ರ ಹತ್ತಿರ ಹೊಸ ಗುರುತು. ಒಂದೇ ಕೂದಲು, ಎರಡು ಚಿತ್ರ! ಆಲ್ಫಾ, ಬೀಟಾ ಎಂದು ಕರೆದವರು ಅವರೇ. ಅಣುಗಳು ಮಡಚಿಕೊಂಡಿವೆ, ಎಳೆದರೆ ಬಿಚ್ಚುತ್ತವೆ ಎಂದು ಅವರು 1930ರ ದಶಕದ ಆರಂಭದಲ್ಲೇ ಹೇಳಿದರು. ಮಡಿಕೆ ಹೇಗಿದೆ ಎಂಬ ಅವರ ಊಹೆ ಮಾತ್ರ ತಪ್ಪಿತ್ತು.

ಸರಿಯಾದ ಸುರುಳಿಯ ಮಾದರಿ ಕೊಟ್ಟದ್ದು 1951ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಜೊತೆಗಾರರು. ಒಂದು ಸುತ್ತಿಗೆ 3.6 ಅಮೈನೊ ಆಮ್ಲ. ಆದರೆ ಅವರ ಲೆಕ್ಕದ ಪ್ರಕಾರ ಒಂದು ಸುತ್ತು 0.54 ನ್ಯಾನೊಮೀಟರ್ ಬರಬೇಕು, ಕೂದಲಿನ ಚಿತ್ರ 0.51 ಅನ್ನುತ್ತಿತ್ತು. ಈ ಸಣ್ಣ ವ್ಯತ್ಯಾಸ ತಲೆ ತಿಂದಿತು. ಸುರುಳಿಗಳೇ ಓರೆಯಾಗಿ ಒಂದನ್ನೊಂದು ಸುತ್ತಿಕೊಂಡಿವೆ, ಓರೆಯಾದ್ದರಿಂದ ಅಳತೆ ಕಮ್ಮಿ ಕಾಣುತ್ತದೆ ಎಂದು ಫ್ರಾನ್ಸಿಸ್ ಕ್ರಿಕ್ ಮತ್ತು ಪಾಲಿಂಗ್ ಇಬ್ಬರೂ ಸ್ವಲ್ಪ ಸಮಯದಲ್ಲೇ ವಿವರಿಸಿದರು. ಡಿಎನ್‌ಎ ಖ್ಯಾತಿಯ ಕ್ರಿಕ್ ಕೂದಲಿನ ಲೆಕ್ಕವನ್ನೂ ಬಿಡಿಸಿದ್ದರು ಎಂಬುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಜಗ್ಗಿ ಬಿಟ್ಟರೆ ಮೊದಲಿನಂತೆ ಆಗುತ್ತದಾ?

ಎಲ್ಲ ಪ್ರಶ್ನೆಗಳ ತಿರುಳು ಇದು. ಉತ್ತರ: ಎಷ್ಟು ಜಗ್ಗಿದಿರಿ ಎನ್ನುವುದರಷ್ಟೇ, ಜಗ್ಗಿ ಹಿಡಿದಿದ್ದಾಗ ಏನು ಮಾಡಿದಿರಿ ಎನ್ನುವುದೂ ಮುಖ್ಯ.

ತಣ್ಣೀರಿನಲ್ಲಿ 30 ಶೇಕಡಾದ ಒಳಗೆ ಜಗ್ಗಿ, ಹೆಚ್ಚು ಹೊತ್ತು ಹಿಡಿಯದೆ ಬಿಟ್ಟು, ನೀರಲ್ಲೇ ಒಂದು ದಿನ ಇಟ್ಟರೆ ಎಳೆ ಹಳೆಯ ಉದ್ದಕ್ಕೆ ಬರುತ್ತದೆ. ಮತ್ತೆ ಜಗ್ಗಿದರೆ ಮೊದಲಿನಷ್ಟೇ ಬಲ ಕೇಳುತ್ತದೆ. ಅಂದರೆ ಬಿಚ್ಚಿದ ಸುರುಳಿ ತಾನಾಗಿ ಸುತ್ತಿಕೊಂಡಿದೆ! ಉಣ್ಣೆಗೆ ಎಷ್ಟು ಹಾನಿಯಾಗಿದೆ ಎಂದು ಅಳೆಯಲು ಪ್ರಯೋಗಾಲಯಗಳು ಈ ಗುಣವನ್ನೇ ಬಳಸಿಕೊಂಡವು. ಬ್ಲೀಚ್ ಮಾಡುವ ಮೊದಲು 30 ಶೇಕಡಾ ಜಗ್ಗಲು ಎಷ್ಟು ಶ್ರಮ ಬೇಕಿತ್ತು, ಆಮೇಲೆ ಎಷ್ಟು ಬೇಕಾಯಿತು, ಎರಡನ್ನೂ ಹೋಲಿಸುವುದು.

ಮನೆಯಲ್ಲೇ ನೋಡಬಹುದು. ಬಣ್ಣ, ಕೆಮಿಕಲ್ ಕಾಣದ ಉದ್ದ ಕೂದಲು ಒಂದು ಸಾಕು. ಎರಡು ತುದಿಗೂ ಟೇಪ್ ಅಂಟಿಸಿ, ಮಧ್ಯದ 10 ಸೆಂಟಿಮೀಟರ್ ಅಳೆದುಕೊಳ್ಳಿ. ನೀರಲ್ಲಿ ಚೆನ್ನಾಗಿ ನೆನೆಸಿ. ಸ್ಕೇಲಿನ ಮೇಲೆ ಇಟ್ಟು ನಿಧಾನವಾಗಿ 12 ಸೆಂಟಿಮೀಟರ್‌ವರೆಗೆ ಜಗ್ಗಿ. ಮೊದಲು ಬಿಗಿ, ಆಮೇಲೆ ಬೆರಳಿಗೇ ಗೊತ್ತಾಗುವ ಹಾಗೆ ಸಡಿಲ. ಈಗ ಎಳೆದ ಸ್ಥಿತಿಯಲ್ಲೇ ಟೇಪ್‌ನಿಂದ ಸ್ಕೇಲಿಗೆ ಅಂಟಿಸಿ ಒಣಗಲು ಬಿಡಿ. ಬಿಚ್ಚಿದರೆ ಹೆಚ್ಚಿನಂಶ ಉದ್ದವಾಗಿಯೇ ಉಳಿದಿರುತ್ತದೆ. ಗೆದ್ದೆವು ಅಂದುಕೊಂಡು ನೀರಿಗೆ ಹಾಕಿ, ಮತ್ತೆ ಕುಗ್ಗುತ್ತದೆ.

ಜಗ್ಗಿದ ಆಕಾರ ಹಾಗೇ ಕೂರುವುದಕ್ಕೆ ಸೆಟ್ ಅನ್ನುತ್ತಾರೆ. ಇದು ಮೊದಲ ದರ್ಜೆಯ ಸೆಟ್, ತಣ್ಣೀರಿಗೇ ಬಿಟ್ಟುಹೋಗುವಂಥದ್ದು. ಎರಡನೆಯದು ತಣ್ಣೀರು ತಡೆಯುತ್ತದೆ, ಆದರೆ ಕುದಿಯುವ ನೀರಿಗೆ ಸೋಲುತ್ತದೆ. ಮೂರನೆಯದು ಶಾಶ್ವತ. ಜಗ್ಗಿ ಹಿಡಿದು ಹಬೆಯಲ್ಲಿ ಅರ್ಧ ಗಂಟೆ, ಒಂದು ಗಂಟೆ ಇಟ್ಟರೆ ಗಂಧಕದ ಬಂಧಗಳು ಹಳೆಯ ಜಾಗ ಬಿಟ್ಟು ಹೊಸ ಜಾಗದಲ್ಲಿ ಕೂರುತ್ತವೆ. ಆಮೇಲೆ ಕುದಿಯುವ ನೀರಲ್ಲಿ ಒಂದು ಗಂಟೆ ಬಿಟ್ಟರೂ ಪೂರ್ತಿ ಹಿಂದೆ ಬರುವುದಿಲ್ಲ. ಕಡಂಬುಟ್ಟು ಹಬೆಯಲ್ಲಿ ಬೇಯಿಸುವ ಪಾತ್ರೆಯಲ್ಲಿ ಇದನ್ನು ಮಾಡಿ ನೋಡಬಹುದು, ಅಡುಗೆಮನೆಯವರು ಒಪ್ಪಿದರೆ.

ಹಬೆ ಕೊಟ್ಟ ಮೇಲೆ ಕೂದಲು ಮೊದಲಿಗಿಂತ ಗಿಡ್ಡ ಆಯ್ತು. ಹೇಗೆ?

ಹಬೆಯಲ್ಲಿ ಇಟ್ಟ ಸಮಯ ಸಾಲಲಿಲ್ಲ. ಜಗ್ಗಿದ ಎಳೆಗೆ ಒಂದೆರಡು ನಿಮಿಷ ಮಾತ್ರ ಹಬೆ ತಾಗಿದರೆ ಹಳೆಯ ಬಂಧಗಳು ಬಿಚ್ಚಿರುತ್ತವೆ, ಹೊಸವು ಇನ್ನೂ ಕೂತಿರುವುದಿಲ್ಲ. ಆಗ ಎಳೆ ಬಿಟ್ಟು ಹಬೆಯಲ್ಲೇ ಇಟ್ಟರೆ ತಡೆಯುವವರಿಲ್ಲದೆ ಮೂಲ ಉದ್ದಕ್ಕಿಂತಲೂ ಒಳಗೆ ಕುಗ್ಗುತ್ತದೆ. ಲೀಡ್ಸ್‌ನವರು ಇದನ್ನೂ 1930ರ ದಶಕದಲ್ಲೇ ಕಂಡು ಸೂಪರ್ ಕಾಂಟ್ರಾಕ್ಷನ್ ಎಂದರು. ನನಗೆ ಈ ಇಡೀ ವಿಷಯದಲ್ಲಿ ತುಂಬ ಹಿಡಿಸಿದ್ದು ಇದೇ. ಬಂಧ ಬಿಚ್ಚುವುದು ಬೇರೆ ಕೆಲಸ, ಕಟ್ಟುವುದು ಬೇರೆ ಕೆಲಸ ಎಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಯೋಗ ಇನ್ನೊಂದಿಲ್ಲ.

ಕೊಡವ ಸಮಾಜದಲ್ಲಿ ಮದುವೆ ಅಂತ ಕೂದಲು ಐರನ್ ಮಾಡಿಸಿದೆ. ಕಾರಿಂದ ಇಳಿಯುವಷ್ಟರಲ್ಲಿ ಸುರುಳಿ. ಪಾರ್ಲರ್‌ನವರು ಮೋಸ ಮಾಡಿದರಾ?

ಇಲ್ಲ, ಪಾಪ. ಐರನ್, ಬ್ಲೋ ಡ್ರೈ ಎರಡೂ ಹೈಡ್ರೋಜನ್ ಬಂಧದ ಕೆಲಸ. ಬಿಸಿ ಕೂದಲಿನ ನೀರನ್ನು ಓಡಿಸುತ್ತದೆ, ನೇರವಾಗಿ ಹಿಡಿದ ಸ್ಥಿತಿಯಲ್ಲಿ ಬಂಧಗಳು ಹೊಸದಾಗಿ ಕೂರುತ್ತವೆ. ಮಡಿಕೇರಿಯ ಮಂಜಿಗೆ ಅವು ಎಷ್ಟು ಹೊತ್ತು ತಡೆದಾವು? ಗಾಳಿ ತೇವದಿಂದ ತುಂಬಿರುವಾಗ ಉಣ್ಣೆ ತನ್ನ ಒಣ ತೂಕದ ಮೂರನೇ ಒಂದು ಭಾಗದಷ್ಟು ನೀರು ಕುಡಿಯುತ್ತದೆ, ಮುಟ್ಟಿದರೆ ಒದ್ದೆ ಅನಿಸುವುದೂ ಇಲ್ಲ. ತಲೆಕೂದಲೂ ಅದೇ ಜಾತಿ. ಮಳೆ ಹನಿ ತಾಗಬೇಕೆಂದೇ ಇಲ್ಲ, ಗಾಳಿಯ ತೇವವೇ ಸಾಕು.

ಕೂದಲಿಗೆ ತೇವ ತಿಳಿಯುತ್ತದೆ ಎಂಬುದು ಹಳೆಯ ವಿದ್ಯೆ. 1783ರಲ್ಲೇ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬುವರು ತಲೆಕೂದಲಿನಿಂದ ಗಾಳಿಯ ತೇವ ಅಳೆಯುವ ಉಪಕರಣದ ಬಗ್ಗೆ ಬರೆದಿದ್ದರು. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಹೋದರೆ ಕೂದಲು 2 ಶೇಕಡಾಕ್ಕೆ ಸ್ವಲ್ಪ ಹೆಚ್ಚು ಉದ್ದವಾಗುತ್ತದೆ. ಆ ಹಿಗ್ಗುವಿಕೆ ಒಂದು ಮುಳ್ಳನ್ನು ತಿರುಗಿಸುತ್ತದೆ, ಅಷ್ಟೇ ಯಂತ್ರ.

ಹಾಗಾದರೆ ರಿಬಾಂಡಿಂಗ್ ಯಾಕೆ ಮಳೆಗೂ ಹೋಗುವುದಿಲ್ಲ?

ಅಲ್ಲಿ ಗಂಧಕದ ಬಂಧಕ್ಕೇ ಕೈ ಹಾಕುತ್ತಾರೆ. ಮೊದಲು ಹಚ್ಚುವ ಕ್ರೀಮಿನಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಇರುತ್ತದೆ. ಅದು ಬಂಧಗಳನ್ನು ಬಿಚ್ಚುತ್ತದೆ. ಆಮೇಲೆ ತೊಳೆದು, ಒಣಗಿಸಿ, ಐರನ್‌ನಿಂದ ಎಳೆಎಳೆಯಾಗಿ ನೇರ ಮಾಡುತ್ತಾರೆ. ಕೊನೆಗೆ ನ್ಯೂಟ್ರಲೈಸರ್, ಅಂದರೆ ಹೈಡ್ರೋಜನ್ ಪೆರಾಕ್ಸೈಡ್, ಬಂಧಗಳನ್ನು ಹೊಸ ಜಾಗದಲ್ಲಿ ಕಟ್ಟುತ್ತದೆ. ಕೂದಲು ಗುಂಗುರು ಮಾಡುವ ಪರ್ಮ್ ಕೂಡ ಇದೇ ಕ್ರಮ, ಐರನ್ ಬದಲು ಸಣ್ಣ ಕೋಲುಗಳಿಗೆ ಸುತ್ತುತ್ತಾರೆ. 1900ರ ದಶಕದಲ್ಲಿ ಲಂಡನ್ನಿನಲ್ಲಿ ಕಾರ್ಲ್ ನೆಸ್ಲರ್ ಇದನ್ನು ಕ್ಷಾರ ಮತ್ತು ಬಿಸಿಯಿಂದ ಮಾಡುತ್ತಿದ್ದರು. ಬಿಸಿ ಬೇಡದ ವಿಧಾನ 1940ರ ದಶಕದಲ್ಲಿ ಹರಡಿತು.

ಬಿಚ್ಚಿದ ಬಂಧಗಳೆಲ್ಲ ವಾಪಸ್ ಕಟ್ಟಿಕೊಳ್ಳುವುದಿಲ್ಲ. ಹಾಗಾಗಿ ರಿಬಾಂಡಿಂಗ್ ಆದ ಕೂದಲು ಒದ್ದೆಯಾದಾಗ ಮೊದಲಿಗಿಂತ ಸುಲಭವಾಗಿ ಹಿಗ್ಗುತ್ತದೆ, ಸುಲಭವಾಗಿ ತುಂಡಾಗುತ್ತದೆ. ತಲೆ ಸ್ನಾನ ಮಾಡಿ ಬಂದ ಕೂಡಲೇ ಬಾಚಣಿಗೆ ಹಾಕಿ ಎಳೆಯಬೇಡಿ. ವರ್ಷಕ್ಕೊಮ್ಮೆ ಮಾಡಿಸುವವರು ಬುಡದಲ್ಲಿ ಹೊಸದಾಗಿ ಬಂದ ಕೂದಲಿಗೆ ಮಾತ್ರ ಮಾಡಿಸಿ. ಹಳೆಯದಕ್ಕೆ ಎರಡನೇ ಸಲ ಕ್ರೀಮ್ ಹಚ್ಚಿದರೆ ತುದಿ ಹುಲ್ಲಿನಂತಾಗುತ್ತದೆ.

ಮಗುವಿಗೆ ಹುಟ್ಟುವ ಕೂದಲೂ ನೇರ ಬರುತ್ತದಾ?

ಇಲ್ಲ! ನಿಮ್ಮದೇ ಹೊಸ ಕೂದಲೂ ನೇರ ಬರುವುದಿಲ್ಲ. ಆಕಾರ ತೀರ್ಮಾನವಾಗುವುದು ಚರ್ಮದ ಒಳಗಿನ ಬುಡದಲ್ಲಿ. ಹೊರಗೆ ಬಂದದ್ದು ಜೀವವಿಲ್ಲದ ನಾರು.

ಕೆರಾಟಿನ್ ಟ್ರೀಟ್‌ಮೆಂಟ್ ಮಾಡುವಾಗ ಕಣ್ಣು ಉರಿಯುತ್ತದೆ. ಸರಿಯಾ?

ಸರಿಯಲ್ಲ. ಅಂಥ ಕೆಲವು ದ್ರಾವಣಗಳು ಬಿಸಿ ಐರನ್ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಮಳೆಗಾಲ ಅಂತ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಂತೂ ಬೇಡವೇ ಬೇಡ. ನಿಮಗಿಂತ ದಿನವಿಡೀ ಅಲ್ಲೇ ನಿಂತು ಕೆಲಸ ಮಾಡುವ ಹುಡುಗಿಗೆ ಅಪಾಯ ಜಾಸ್ತಿ.

ಸ್ವೆಟರ್ ಹಗ್ಗದ ಮೇಲೆ ಉದ್ದವಾಯ್ತು. ಮತ್ತೆ ಗಿಡ್ಡ ಮಾಡಬಹುದಾ?

ಹೆಚ್ಚಿನ ಸಲ ಆಗುತ್ತದೆ. ನೀರಿನ ಭಾರಕ್ಕೆ ಹೆಣಿಗೆಯ ಕುಣಿಕೆಗಳು ಜಗ್ಗಿರುತ್ತವೆ, ಎಳೆಗಳೂ ಸ್ವಲ್ಪ ಹಿಗ್ಗಿ ಹಾಗೇ ಒಣಗಿರುತ್ತವೆ. ಮೇಲೆ ಹೇಳಿದ ಮೊದಲ ದರ್ಜೆಯ ಸೆಟ್. ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಬೇಕಾದ ಅಳತೆಗೆ ಹರಡಿ ಒಣಗಿಸಿ.

ಆದರೆ ಬಿಸಿ ನೀರಲ್ಲಿ ಕುಕ್ಕಿ ಒಗೆದು ದಪ್ಪಗೆ, ಗಿಡ್ಡಗೆ ಆದ ಸ್ವೆಟರ್ ಬೇರೆ ಕೇಸು. ಅಲ್ಲಿ ಚಿಪ್ಪುಗಳಿಂದಾಗಿ ಎಳೆಗಳು ಒಂದೇ ದಿಕ್ಕಿಗೆ ಜಾರಿ ಗಂಟು ಬಿದ್ದಿವೆ. ಅದನ್ನು ಬಿಡಿಸಲು ಬರುವುದಿಲ್ಲ. ಮಕ್ಕಳಿಗೆ ಕೊಡಿ.

ಉಣ್ಣೆಯನ್ನು ಬೇಕೆಂದೇ ಜಗ್ಗಿ ಮಾರುತ್ತಾರಂತೆ?

ಹೌದು. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್ಐಆರ್‌ಒ 1990ರ ದಶಕದಲ್ಲಿ ಆಪ್ಟಿಮ್ ಎಂಬ ವಿಧಾನ ಮಾಡಿತು. ಉಣ್ಣೆಯ ಬೆಲೆ ಅದರ ಸಣ್ಣತನದ ಮೇಲೆ ನಿಂತಿದೆ. 19 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ಮೆರಿನೊ, ಅಂದರೆ ನಯ ಉಣ್ಣೆಯ ಕುರಿ ತಳಿಯ, ಎಳೆಯನ್ನು 40ರಿಂದ 50 ಶೇಕಡಾ ಉದ್ದ ಮಾಡಿದರೆ, ಒಳಗಿನ ವಸ್ತು ಅಷ್ಟೇ ಇರುವುದರಿಂದ, ದಪ್ಪ 16ರ ಆಸುಪಾಸಿಗೆ ಇಳಿಯುತ್ತದೆ.

ಹೇಳಿದಷ್ಟು ಸುಲಭ ಅಲ್ಲ. ಉಣ್ಣೆಯ ಎಳೆ ಮೋಟು, ಕೆಲವೇ ಸೆಂಟಿಮೀಟರ್. ರೋಲರ್‌ಗಳ ನಡುವೆ ಕಂತೆ ಹಾಕಿ ಜಗ್ಗಿದರೆ ಎಳೆಗಳು ಹಿಗ್ಗುವ ಬದಲು ಒಂದರಿಂದ ಒಂದು ಜಾರಿಕೊಳ್ಳುತ್ತವೆ. ಅದಕ್ಕೇ ಕಂತೆಗೆ ಮೊದಲು ಹುರಿ ಕೊಟ್ಟು, ಒಂದನ್ನೊಂದು ಬಿಗಿಯಾಗಿ ಹಿಡಿಯುವ ಹಾಗೆ ಮಾಡಿ, ಆಮೇಲೆ ಜಗ್ಗುತ್ತಾರೆ. ಗಂಧಕದ ಬಂಧ ಸಡಿಲಿಸಿ, ಜಗ್ಗಿದ ಸ್ಥಿತಿಯಲ್ಲೇ ಶಾಶ್ವತವಾಗಿ ಸೆಟ್ ಮಾಡುತ್ತಾರೆ.

ಹೀಗೆ ಬಂದ ಎಳೆ ಹೊರನೋಟಕ್ಕೂ ಬೇರೆ. ಗುಂಗುರು ಹೋಗಿರುತ್ತದೆ. ಉರುಟಾಗಿದ್ದ ಎಳೆ ಅಡ್ಡ ಕತ್ತರಿಸಿ ನೋಡಿದರೆ ಮೂಲೆ ಮೂಲೆಯಾಗಿ ಕಾಣುತ್ತದೆ. ಚಿಪ್ಪುಗಳ ಅಂತರ ಹೆಚ್ಚಿರುತ್ತದೆ. ಬೆಳಕು ಬಿದ್ದರೆ ರೇಷ್ಮೆಯ ಹೊಳಪು. ಒಳಗೆ ಆಲ್ಫಾ ಕಡಿಮೆಯಾಗಿ ಬೀಟಾ ಹೆಚ್ಚಿರುತ್ತದೆ. ಬಲ ಜಾಸ್ತಿ, ಆದರೆ ಹಿಗ್ಗುವ ಗುಣ ಕಡಿಮೆ, ಯಾಕೆಂದರೆ ಹಿಗ್ಗಬೇಕಾದ್ದನ್ನು ಆಗಲೇ ಹಿಗ್ಗಿಸಿ ಮುಗಿಸಿದ್ದಾರೆ.

ಇದೇ ವಿಧಾನದ ಇನ್ನೊಂದು ಬಗೆಯಲ್ಲಿ ಬೇಕೆಂದೇ ಅರ್ಧಂಬರ್ಧ ಸೆಟ್ ಮಾಡುತ್ತಾರೆ. ಅದನ್ನು ಸಾಮಾನ್ಯ ಉಣ್ಣೆಯ ಜೊತೆ ಸೇರಿಸಿ ನೂಲು ತೆಗೆದು ಬಿಸಿ ನೀರಿಗೆ ಹಾಕಿದರೆ ಜಗ್ಗಿದ ಎಳೆಗಳು ಮಾತ್ರ ಕುಗ್ಗುತ್ತವೆ, ಉಳಿದವು ಉಬ್ಬಿಕೊಳ್ಳುತ್ತವೆ. ಹಗುರವಾದ, ತುಪ್ಪುಳದ ನೂಲು ಸಿಗುತ್ತದೆ.

ಕುಶಾಲನಗರದ ಕಡೆ ಚಳಿಗಾಲದಲ್ಲಿ ಸಿಗುವ ತುಪ್ಪುಳದ ಸ್ವೆಟರ್ ಅದೇನಾ?

ಕಡಿಮೆ ಬೆಲೆಯದಾದರೆ ಬಹುಪಾಲು ಅಕ್ರಿಲಿಕ್. ಆದರೆ ಯುಕ್ತಿ ಅದೇ. ಜಗ್ಗಿದ ಅಕ್ರಿಲಿಕ್ ಎಳೆ, ಜಗ್ಗದ ಎಳೆ ಸೇರಿಸಿ ಹಬೆ ಕೊಟ್ಟು ಉಬ್ಬಿಸುತ್ತಾರೆ. ಪರೀಕ್ಷೆ ಸುಲಭ. ಒಳಹೊಲಿಗೆಯಿಂದ ಒಂದು ನೂಲು ತೆಗೆದು ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಪುಡಿಯಾಗುವ ಬೂದಿ. ಅಕ್ರಿಲಿಕ್ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ.

ನಮ್ಮ ಚುಚ್ಚುವ ಕಂಬಳಿಯನ್ನು ಹೀಗೆ ಮೆತ್ತಗೆ ಮಾಡಬಹುದಾ?

ಲೆಕ್ಕ ಹಾಕಿ ನೋಡೋಣ. ಸುಮಾರು 30 ಮೈಕ್ರಾನ್‌ಗಿಂತ ದಪ್ಪದ ಎಳೆಯ ತುದಿ ಚರ್ಮಕ್ಕೆ ಚುಚ್ಚುತ್ತದೆ, ಅದಕ್ಕಿಂತ ಸಣ್ಣದಾದರೆ ಬಾಗುತ್ತದೆ. ಬಯಲುಸೀಮೆಯಿಂದ ಬರುವ ಕುರಿ ಕಂಬಳಿಯಲ್ಲಿ ದಪ್ಪ ಎಳೆಗಳು ಬೇಕಾದಷ್ಟು. 40 ಮೈಕ್ರಾನಿನ ಎಳೆಯನ್ನು 40 ಶೇಕಡಾ ಜಗ್ಗಿದರೂ 34ಕ್ಕೆ ಬಂದು ನಿಲ್ಲುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಚುಚ್ಚುತ್ತದೆ! ಮೇಲಾಗಿ ಕಂಬಳಿಯ ಬಿಗುವಿಗೆ ನೇಯುವಾಗ ಹಾಕುವ ಹುಣಸೆ ಬೀಜದ ಗಂಜಿಯೂ ಕಾರಣ. ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುವವರಿಗೆ ಆ ಬಿಗುವೇ ಬೇಕಿತ್ತು. ಅದನ್ನು ಮೆರಿನೊ ಮಾಡಲು ಹೋಗುವುದು ವ್ಯರ್ಥ ಎಂದು ನನ್ನ ಅನಿಸಿಕೆ.

ಮಿಲಿಟರಿಯಿಂದ ಬಂದ ಅಜ್ಜನ ಉಣ್ಣೆ ಪ್ಯಾಂಟಿನ ಗೆರೆ ಒಗೆದರೂ ಹೋಗುವುದಿಲ್ಲವಲ್ಲ?

ಎಲ್ಲ ಪ್ಯಾಂಟಿಗೂ ಹಾಗಿರುವುದಿಲ್ಲ. ಬರೇ ಇಸ್ತ್ರಿ ಗೆರೆ ಮಳೆಗೆ ಅಳಿಸುತ್ತದೆ. 1957ರಲ್ಲಿ ಅದೇ ಆಸ್ಟ್ರೇಲಿಯಾದ ಸಂಸ್ಥೆಯ ಆರ್ಥರ್ ಫಾರ್ನ್‌ವರ್ತ್ ಸಿರೊಸೆಟ್ ಎಂಬ ವಿಧಾನ ಕಂಡುಹಿಡಿದರು. ಗೆರೆ ಬೀಳಬೇಕಾದ ಜಾಗಕ್ಕೆ ಗಂಧಕದ ಬಂಧ ಬಿಚ್ಚುವ ದ್ರಾವಣ ಸಿಂಪಡಿಸಿ ಹಬೆ ಇಸ್ತ್ರಿ ಒತ್ತುವುದು. ಬಟ್ಟೆಗೆ ಮಾಡಿದ ರಿಬಾಂಡಿಂಗ್ ಅಂದರೂ ನಡೆಯುತ್ತದೆ.

ರೇಷ್ಮೆ ಚೇಲೆಯೂ (ಕೊಡವರ ಸೊಂಟಪಟ್ಟಿ) ಹೀಗೇ ಹಿಗ್ಗುತ್ತದಾ?

ಇಲ್ಲ. ರೇಷ್ಮೆ ಕೆರಾಟಿನ್ ಅಲ್ಲ, ಫೈಬ್ರಾಯಿನ್. ಅದರ ಸರಪಳಿಗಳು ಹುಳ ನೂಲು ತೆಗೆಯುವಾಗಲೇ ಬೀಟಾ ರೂಪದಲ್ಲಿ ನೇರ ಆಗಿರುತ್ತವೆ. ಬಿಚ್ಚಲು ಸುರುಳಿಯೇ ಇಲ್ಲ. ಹಕ್ಕಿಯ ಗರಿ ಕೆರಾಟಿನ್ ಹೌದು, ಆದರೆ ಅದೂ ಹುಟ್ಟಿನಿಂದ ಬೀಟಾ ಬಗೆ.

ಆನೆ ಬಾಲದ ಕೂದಲಿನ ಉಂಗುರ ಮಾಡಿಸಬಹುದಾ?

ವಿಜ್ಞಾನದ ಪ್ರಕಾರ ಅದೂ ಆಲ್ಫಾ ಕೆರಾಟಿನ್, ತೇವ ಮತ್ತು ಬಿಸಿಗೆ ಬಗ್ಗುತ್ತದೆ. ಕಾನೂನಿನ ಪ್ರಕಾರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆನೆ ಮೊದಲ ಶೆಡ್ಯೂಲಿನಲ್ಲಿದೆ, ಅದರ ಅಂಗದ ವ್ಯಾಪಾರ ಅಪರಾಧ.

ಮಳೆಗಾಲದಲ್ಲಿ ಏನೂ ಒಣಗುವುದಿಲ್ಲ. ಉಣ್ಣೆ ಬಟ್ಟೆ ಒಲೆಯ ಮೇಲೆ ಕಟ್ಟಿ ಒಣಗಿಸಬಹುದಾ?

ಒಲೆಯ ಹತ್ತಿರ ಇಡಿ, ಮೇಲೆ ತೂಗುಹಾಕಬೇಡಿ. ಪೂರ್ತಿ ಒಣ ಉಣ್ಣೆ ಮೆತ್ತಗಾಗಲು 160 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಪೂರ್ತಿ ನೆನೆದದ್ದು ಮಡಿಕೇರಿಯ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಒದ್ದೆ ಬಟ್ಟೆ ತನ್ನ ಭಾರಕ್ಕೆ ಜಗ್ಗಿ, ಕೆಳಗಿಂದ ಬಿಸಿ ತಾಗುತ್ತಾ ಒಣಗಿದರೆ ಆ ಆಕಾರ ಗಟ್ಟಿಯಾಗಿ ಕೂರುತ್ತದೆ, ತಣ್ಣೀರಲ್ಲಿ ನೆನೆಸಿದರೂ ಬಿಡುವುದು ಕಷ್ಟ. ಬೆತ್ತದ ತಟ್ಟೆಯ ಮೇಲೆ ಹರಡಿ, ಒಲೆಯಿಂದ ಎರಡು ಮೊಳ ದೂರ ಇಟ್ಟು, ಆಗಾಗ ಮಗುಚಿ. ಹೊಗೆ ವಾಸನೆ ಮಾತ್ರ ಹೋಗಲು ಬಿಸಿಲೇ ಬರಬೇಕು.